ಭಾರವಾಗಬಾರದೆಂದವನು

ನನ್ನ ಮೈದುನನ ಎರಡು ಮೊಣಕಾಲಿನ ಮೇಲೂ ಕೂದಲು ಬೆಳೆಯುತ್ತಿರಲಿಲ್ಲ. ಕಬಡ್ಡಿಯ ಮಣ್ಣಿನ ಅಂಕಣದಲ್ಲಿ ಬಿದ್ದು, ಎದ್ದು, ಜಾರಿ, ತರಚಿ, ಅಲ್ಲಿನ ಚರ್ಮ ಹಲಸಿನ ಬೀಜದ ಸಿಪ್ಪೆಯ ಹಾಗೆ ನುಣ್ಣಗೆ ಕಂದುಗಟ್ಟಿತ್ತು. ಮದುವೆಯಾಗಿ ಆ ಮನೆಗೆ ಕಾಲಿಟ್ಟ ದಿನ ತಲೆ ತಗ್ಗಿಸಿ ಕೂತಿದ್ದ ನನಗೆ ಮೊದಲು ಕಂಡದ್ದೇ ಆ ಮೊಣಕಾಲುಗಳು. ಯಾರೋ ಲುಂಗಿಯನ್ನು ಮೇಲಕ್ಕೆ ಕಟ್ಟಿಕೊಂಡು ನೆಂಟರಿಗೆಲ್ಲ ನೀರು ಹಂಚುತ್ತಾ ಓಡಾಡುತ್ತಿದ್ದರು. ನನ್ನ ಮುಂದೆ ಬಂದಾಗ ಮೊಣಕಾಲು ಮಡಿಚಿ ಕುಕ್ಕರುಗಾಲಲ್ಲಿ ಕೂತ ಹುಡುಗನ ಮುಖ ಕಾಣಿಸಿತು.

“ಅತ್ಗೆ, ನೀರ್ ಕುಡೀರಿ. ನಾನೇ ನಿಮ್ ಮೈದ್ನ. ಈ ಮನೇಲಿ ಏನ್ ಬೇಕಿದ್ರೂ ನನ್ನೇ ಕೇಳಿ. ನಮ್ಮಣ್ಣಂಗೆ ಉಪ್ಪಿನ್ ಡಬ್ಬ ಎಲ್ಲೈತೆ ಅಂತ್ಲೂ ಗೊತ್ತಿಲ್ಲ.”

ಆ ಮನೆಯಲ್ಲಿ ನಾನು ಮೊದಲು ನಕ್ಕದ್ದು ಆ ಮಾತಿಗೆ.

ನಮ್ಮ ಮನೆ ಆಲೂರಿಗೂ ಬಾಳ್ಳುಪೇಟೆಗೂ ನಡುವೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆ, ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸು. ಮಾವನವರು ನಾನು ಬರುವ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನಮ್ಮ ಯಜಮಾನರು, ಸಕಲೇಶಪುರದ ಕಾಲೇಜಿಗೆ ಹೋಗುತ್ತಿದ್ದ ಈ ಮೈದುನ, ಈಗ ನಾನು.

ನಾನು ಮದುವೆಗೆ ಮೊದಲೇ ಬಿ.ಎಡ್. ಮುಗಿಸಿದ್ದೆ. ಆಲೂರಿನ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಲು ಕರೆದಾಗ ಅತ್ತೆ ಒಪ್ಪಲಿಲ್ಲ. “ಬೆಳಿಗ್ಗೆ ಕೊಟ್ಟಿಗೆ ಕೆಲ್ಸ ಯಾರ್ ಮಾಡ್ತಾರೆ?” ಎಂದರು. ನಮ್ಮ ಯಜಮಾನರು ಅಮ್ಮನ ಮುಖ, ನನ್ನ ಮುಖ ನೋಡಿ ತೋಟಕ್ಕೆ ಹೊರಟುಬಿಟ್ಟರು. ಮಾರನೆಯ ದಿನ ನಾನು ಏಳುವಷ್ಟರಲ್ಲಿ ಮೈದುನ ಸಗಣಿ ಬಾಚಿ, ಹಾಲು ಕರೆದು, ಬೈಕು ಒರೆಸುತ್ತಾ ನಿಂತಿದ್ದ. “ಕೊಟ್ಟಿಗೆ ಕೆಲ್ಸ ಆಯ್ತು ಕಣವ್ವ. ಟೀಚರಮ್ಮನ್ನ ಬಾಳ್ಳುಪೇಟೆಗೆ ಬುಟ್ಟು ಬತ್ತೀನಿ” ಎಂದ. ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಬೈಕು ರಸ್ತೆಯಲ್ಲಿತ್ತು. ಅವನ ಕಾಲೇಜು ಬಾಳ್ಳುಪೇಟೆಯಿಂದ ಪಡುವಣಕ್ಕೆ, ನನ್ನ ಶಾಲೆ ಮೂಡಣಕ್ಕೆ. ನನಗೆ ಬಸ್ಸು ಸಿಗುವವರೆಗೆ ತನ್ನ ಬಸ್ಸು ಬಂದರೂ ಹತ್ತುತ್ತಿರಲಿಲ್ಲ. ನಾನು ಇವತ್ತು ನನ್ನ ಕಾಲ ಮೇಲೆ ನಿಂತಿದ್ದೇನೆ ಎಂದರೆ ಆ ಒಂದು ಬೆಳಿಗ್ಗೆಯಿಂದ.

ಅವನು ಕಬಡ್ಡಿ ಆಡುತ್ತಿದ್ದ, ತಂಡದ ನಾಯಕನೂ ಅವನೇ. ಸುತ್ತಲ ಊರುಗಳಲ್ಲಿ ಅವನ ಹೆಸರು ಹೇಳಿದರೆ ಹುಡುಗರು ಸೀಟಿ ಹೊಡೆಯುತ್ತಿದ್ದರು. ತೊಡೆ ತಟ್ಟಿ ಎದುರಾಳಿಗಳ ಅಂಕಣಕ್ಕೆ ನುಗ್ಗಿದರೆ ಬರಿಗೈಯಲ್ಲಿ ಬಂದದ್ದು ಕಡಿಮೆ. ನಮ್ಮ ಕಡೆ ಇಂತಿಷ್ಟು ಕೆಜಿಯ ಒಳಗಿನವರು ಮಾತ್ರ ಎಂದು ಮಿತಿ ಇಟ್ಟು ಆಡಿಸುವ ಪಂದ್ಯಗಳೇ ಹೆಚ್ಚು. ಆಟಕ್ಕೆ ಮೊದಲು ಎಲ್ಲರನ್ನೂ ತಕ್ಕಡಿ ಹತ್ತಿಸುತ್ತಾರೆ. ಆ ಕಾರಣಕ್ಕೆ ಪಂದ್ಯ ಹತ್ತಿರವಾದಾಗ ಹುಡುಗರು ಅರೆಹೊಟ್ಟೆಯಲ್ಲಿರುವುದು, ತಕ್ಕಡಿ ಇಳಿದ ಕೂಡಲೇ ಪರೋಟದ ಅಂಗಡಿಗೆ ನುಗ್ಗುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದು ತಮಾಷೆಯ ವಿಷಯವಾಗಿತ್ತು. “ಇವತ್ ಊಟ ಬೇಡ ಕಣತ್ಗೆ, ನಾಡಿದ್ದು ತಕ್ಕಡಿ ಐತೆ” ಎಂದು ಅವನು ಹೇಳಿದರೆ ನಾನೂ ನಕ್ಕು ತಟ್ಟೆ ಎತ್ತಿಡುತ್ತಿದ್ದೆ.

ಒಮ್ಮೆ ಆಲೂರಿನಲ್ಲೇ ಪಂದ್ಯವಿತ್ತು. ಶಾಲೆ ಬಿಟ್ಟ ಮೇಲೆ ನೋಡಲು ಹೋದೆ. ಬಿಸಿಲಿನಲ್ಲಿ ಉಣ್ಣೆಯ ಸ್ವೆಟರ್ ಹಾಕಿಕೊಂಡು ಮೈದಾನದ ಸುತ್ತ ಅವನೊಬ್ಬನೇ ಓಡುತ್ತಿದ್ದ. ಕೇಳಿದರೆ ತೂಕ ಚೂರು ಹೆಚ್ಚಾಗಿದೆ, ಬೆವರಿಳಿಸುತ್ತಿದ್ದಾನೆ ಎಂದರು. ಓಡಿ ಬಂದು ಮತ್ತೆ ತಕ್ಕಡಿ ಹತ್ತಿದ, ಇಳಿದ, ಮತ್ತೆ ಓಡಿದ. ಕೊನೆಗೂ ಆಗಲಿಲ್ಲ. ನಾಯಕನಿಲ್ಲದೆ ತಂಡ ಆಡಿತು, ಸೋತಿತು. ಅವನು ಗೆರೆಯಾಚೆ ಕೂತು ತನ್ನ ಹುಡುಗರಿಗೆ ಕೂಗಿ ಕೂಗಿ ಗಂಟಲು ಕಟ್ಟಿಕೊಂಡ. ಜೀಪಿನಲ್ಲಿ ವಾಪಸು ಬರುವಾಗ ಯಾರೋ ಗೆಳೆಯ “ನಿನ್ ಹೊಟ್ಟೇನೇ ನಮ್ಮನ್ನ ಸೋಲಿಸ್ಬುಡ್ತಲ್ಲೋ ಕ್ಯಾಪ್ಟನ್ನೇ” ಎಂದು ತಮಾಷೆ ಮಾಡಿದನಂತೆ. ಎಲ್ಲರೂ ನಕ್ಕರಂತೆ, ಇವನೂ ನಕ್ಕನಂತೆ. ಇದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಆಮೇಲೆ ಅವನು ಯಾವತ್ತೂ ತಕ್ಕಡಿಯಲ್ಲಿ ಸೋಲಲಿಲ್ಲ. ಕಾಲೇಜು ಮುಗಿಯಿತು. ಭುಜಕ್ಕೆ ಪೆಟ್ಟು ಬಿದ್ದು ಕಬಡ್ಡಿಯೂ ನಿಂತಿತು. ಅಣ್ಣನ ಜೊತೆ ತೋಟಕ್ಕೆ ಇಳಿದ. ಆಟ ನಿಂತರೂ ಅರೆಹೊಟ್ಟೆ ನಿಲ್ಲಲಿಲ್ಲ. ಇದು ನಮಗೆ ಥಟ್ಟನೆ ಕಾಣಲಿಲ್ಲ, ಯಾಕೆಂದರೆ ಊಟದ ಹೊತ್ತಿನಲ್ಲಿ ಅವನಷ್ಟು ಓಡಾಡುವವರು ಮನೆಯಲ್ಲಿ ಇನ್ನೊಬ್ಬರಿರಲಿಲ್ಲ. ತಾನೇ ಸೌಟು ಹಿಡಿದು ಎಲ್ಲರಿಗೂ ಬಡಿಸುತ್ತಿದ್ದ. “ಅತ್ಗೆ, ಇನ್ನೊಂದ್ ರೊಟ್ಟಿ. ಅವ್ವ, ಸಾರು ಹಾಕ್ಸ್ಕೋ” ಎಂದು ಒತ್ತಾಯ ಮಾಡುತ್ತಿದ್ದ. ತನ್ನ ಸರದಿ ಬಂದಾಗ “ನಾನ್ ಪೇಟೇಲಿ ತಿಂದ್ಬುಟ್ಟೆ” ಎಂದೋ, “ಆಮೇಲ್ ತಿಂತೀನಿ” ಎಂದೋ ಹೇಳಿ ಎದ್ದುಬಿಡುತ್ತಿದ್ದ. ಕೂತರೂ ರೊಟ್ಟಿಯನ್ನು ಬೆರಳುಗುರಿನಷ್ಟು ಸಣ್ಣ ಚೂರು ಮಾಡಿ, ತಟ್ಟೆಯ ಈ ಬದಿಯಿಂದ ಆ ಬದಿಗೆ ಸರಿಸುತ್ತಾ ಮಾತಾಡುತ್ತಿದ್ದ. ಮಾತು ಅಷ್ಟು ಚೆನ್ನಾಗಿರುತ್ತಿತ್ತು, ತಟ್ಟೆ ನೋಡಲು ಯಾರಿಗೂ ನೆನಪಾಗುತ್ತಿರಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಲ್ಲೂ ಸ್ವೆಟರ್ ಬಿಡುತ್ತಿರಲಿಲ್ಲ. ಚಳಿ ಎನ್ನುತ್ತಿದ್ದ.

ಬಾಳ್ಳುಪೇಟೆಯಲ್ಲಿ ನಾವು ಕಾಫಿ, ಮೆಣಸು ಮಾರುವ ಅಂಗಡಿಯ ಸಾಹುಕಾರರು ಒಂದು ದಿನ ನಮ್ಮ ಯಜಮಾನರನ್ನು ಪಕ್ಕಕ್ಕೆ ಕರೆದರು. “ಬೇಜಾರ್ ಮಾಡ್ಕೋಬ್ಯಾಡ ಮಾರಾಯ. ನಿನ್ ತಮ್ಮ ದಿನಾ ಬತ್ತಾನೆ. ಮೂಟೆ ತೂಗೋ ತಕ್ಕಡಿ ಹತ್ತಿ ನೋಡ್ತಾನೆ, ಇಳ್ದು ಹೋಗ್ತಾನೆ. ಮೊದ್ಲು ಆಟಕ್ಕೆ ಅಂದ್ಕೊಂಡೆ. ಈಗ ಆಟ ಬುಟ್ಟಿಲ್ವಾ? ನಿನ್ನೆ ಅಲ್ಲೇ ತಲೆ ಸುತ್ತಿ ಕೂತ್ಬುಟ್ಟ.”

ಅಲ್ಲಿಂದ ಆಸ್ಪತ್ರೆಗಳ ಓಡಾಟ ಶುರುವಾಯಿತು. ಸಕ್ಕರೆ ಕಾಯಿಲೆಯೋ, ಕ್ಷಯವೋ, ಥೈರಾಯ್ಡೋ ಎಂದು ರಕ್ತ ತೆಗೆದರು, ಎದೆಯ ಫೋಟೋ ತೆಗೆದರು. ಕಾಯಿಲೆ ಎನ್ನುವುದು ಯಾವುದೂ ಸಿಗಲಿಲ್ಲ. ಕುಡಿತ ಕಲಿತಿರಬೇಕು ಎಂದು ಕೆಲವರು ಅಂದರು. ಯಾವುದೋ ಹುಡುಗಿಯ ವಿಚಾರ ಇರಬೇಕು ಎಂದು ಕೆಲವರು. ಅತ್ತೆ ದೇವರ ಮುಂದೆ ಪ್ರಶ್ನೆ ಕೇಳಿಸಿ ತಾಯಿತ ಕಟ್ಟಿಸಿದರು. ಮನೆಯಲ್ಲಿ ಎರಡು ಹೊತ್ತೂ ಒಂದೇ ಮಾತು, ತಿನ್ನೋ ತಿನ್ನೋ ತಿನ್ನೋ. ಅತ್ತೆ ಅತ್ತು ಹೇಳುತ್ತಿದ್ದರು, ಅವನಣ್ಣ ಬೈದು ಹೇಳುತ್ತಿದ್ದರು, ನಾನು ಪುಸಲಾಯಿಸಿ ಹೇಳುತ್ತಿದ್ದೆ. ಒಂದು ದಿನ ಅಣ್ಣ ಸಿಟ್ಟಿನಲ್ಲಿ ಅನ್ನ ಕಲಸಿ ಅವನ ಬಾಯಿಗೆ ತುರುಕಲು ಹೋದರು. ಅವನು ತಡೆಯಲಿಲ್ಲ. ಬಾಯಿ ತುಂಬ ಅನ್ನ ಇಟ್ಟುಕೊಂಡು ಕಣ್ಣಲ್ಲಿ ನೀರು ಸುರಿಸುತ್ತಾ ಕೂತ, ನುಂಗಲಿಲ್ಲ. ಅಣ್ಣ ಕೈ ತೊಳೆದುಕೊಂಡು ತೋಟದ ಕಡೆ ಹೋದವರು ಕತ್ತಲಾದ ಮೇಲೆ ಬಂದರು.

ಸಕಲೇಶಪುರದ ಡಾಕ್ಟರೊಬ್ಬರು ಕೊನೆಗೆ ಹೇಳಿದರು, ಹಾಸನಕ್ಕೆ ಹೋಗಿ ಮನಸ್ಸಿನ ಡಾಕ್ಟರನ್ನು ನೋಡಿ ಎಂದು. ಊಟಕ್ಕೆ ಹೆದರುವ ಈ ಕಾಯಿಲೆ ಗಂಡುಹುಡುಗರಿಗೂ ಬರುತ್ತದೆ, ಬಂದರೆ ಯಾರೂ ಗುರುತಿಸುವುದಿಲ್ಲ ಅಷ್ಟೆ ಎಂದರು. ನಮ್ಮ ಯಜಮಾನರು “ಹುಚ್ಚಾಸ್ಪತ್ರೆಗಾ? ನಾಳೆ ಇವ್ನಿಗೆ ಹೆಣ್ಣು ಯಾರ್ ಕೊಡ್ತಾರೆ?” ಎಂದು ಎದ್ದರು. ಮೈದುನ ಮನೆಗೆ ಬಂದ ಮೇಲೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ನನ್ನ ಹತ್ತಿರ ಬಂದು “ಅತ್ಗೆ, ನೀವ್ ಬರೋದಾದ್ರೆ ಹೋಗ್ತೀನಿ” ಎಂದ. ಊರವರಿಗೆ ನನ್ನ ಶಾಲೆಯ ತರಬೇತಿ ಎಂದು ಹೇಳಿ ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವನು ತಮಾಷೆ ಮಾಡುತ್ತಲೇ ಇದ್ದ. “ಟೀಚರಮ್ಮಂಗೆ ಟ್ರೇನಿಂಗು, ಜೊತೆಗೆ ಮೈದ್ನ ಯಾಕೆ ಅಂತ ಕೇಳಿದ್ರೆ ಏನ್ ಹೇಳ್ತೀರಾ? ಬ್ಯಾಗ್ ಹಿಡ್ಕೊಳಕ್ಕೆ ಅನ್ನಿ.”

ಅಲ್ಲಿನ ಡಾಕ್ಟರು ಅವನ ಎದೆ, ನಾಡಿ, ರಕ್ತ ಎಲ್ಲ ನೋಡಿದರು. ಊಟವಿಲ್ಲದೆ ಹೃದಯ ಸೋತಿದೆ, ಹುಷಾರಾಗಿರಬೇಕು ಎಂದು ನನ್ನನ್ನು ಬೇರೆಯಾಗಿ ಕರೆದು ಹೇಳಿದರು. ಮಾತ್ರೆ ಬರೆದು, ಆಪ್ತಸಮಾಲೋಚನೆ ಮಾಡುವ ಮೇಡಂ ಒಬ್ಬರ ಹತ್ತಿರ ಕಳಿಸಿದರು. ನಡುವಯಸ್ಸಿನ, ಮೆಲುಮಾತಿನ ಹೆಂಗಸು. ನಾನು ಹೊರಗೆ ಕೂರಲೇ ಎಂದು ಕೇಳಿದೆ. ಮೇಡಂ ಅವನ ಮುಖ ನೋಡಿದರು. “ಅತ್ಗೆ ಇರ್ಲಿ” ಎಂದ.

ಮೇಡಂ ಅವನ ತೂಕ ಕೇಳಲಿಲ್ಲ. ಏನು ತಿಂದೆ, ಎಷ್ಟು ತಿಂದೆ ಎಂದೂ ಕೇಳಲಿಲ್ಲ.

“ತಟ್ಟೆಗೆ ಒಂದು ರೊಟ್ಟಿ ಬಂತು ಅಂದ್ಕೊಳ್ಳಿ. ನೀವು ಇನ್ನೂ ಕೈ ಹಾಕಿಲ್ಲ. ಆಗ ಮನಸ್ಸು ಏನು ಹೇಳುತ್ತೆ? ಅದು ಹೇಳೋ ಮಾತಲ್ಲೇ ಹೇಳಿ.”

“ಬ್ಯಾಡ ಅಂತೈತೆ ಮೇಡಂ.”

“ಬೇಡ ಅನ್ನೋದು ಕೊನೆ ಮಾತು. ಅದಕ್ಕೆ ಮುಂಚೆ ಇನ್ನೊಂದು ಮಾತು ಬಂದು ಹೋಗಿರುತ್ತೆ. ನಿಧಾನಕ್ಕೆ ನೋಡಿ.”

ಅವನು ತನ್ನ ಅಂಗೈ ನೋಡಿಕೊಂಡ. “ಒಂದ್ ತುತ್ತು ತಿಂದ್ರೆ ಆಮೇಲೆ ನಿಲ್ಸಕ್ಕಾಗಲ್ಲ ಅಂತೈತೆ. ಪೂರ್ತಿ ಕೈ ಬಿಟ್ಟೋಗ್ತೈತೆ ಅಂತ. ಅದ್ಕೆ ಆ ಒಂದ್ ತುತ್ತೂ ಬ್ಯಾಡ ಅಂತ.”

“ಬೇರೆಯವರು ರೊಟ್ಟಿ ತಿಂದ್ರೆ ಅವರ ಬಗ್ಗೆಯೂ ಹಾಗೇ ಅನ್ನಿಸುತ್ತಾ? ಕೈ ಬಿಟ್ಟವರು ಅಂತ?”

“ಇಲ್ಲ ಇಲ್ಲ. ನಮ್ಮತ್ಗೆ ಮೂರ್ ತಿಂತಾರೆ. ಪಾಪ, ಬೋ ಒಳ್ಳೇರು.”

ನಾವು ಮೂವರೂ ನಕ್ಕೆವು. ನಗು ಮುಗಿಯುವ ಮೊದಲೇ ಮೇಡಂ ಕೇಳಿದರು. “ಅತ್ತಿಗೆಗೆ ಒಂದು ಕಾನೂನು, ನಿಮಗೊಂದು ಯಾಕೆ?”

“ನಾನ್ ಬೇರೆ ಮೇಡಂ” ಎಂದಷ್ಟೇ ಹೇಳಿದ.

ಮುಂದಿನ ಸಲ ಹೋದಾಗ ಅವರು ಕೆಲವು ವಾಕ್ಯಗಳನ್ನು ಒಂದೊಂದಾಗಿ ಓದಿ, ಇದನ್ನು ಪೂರ್ತಿ ನಂಬುತ್ತೀರಾ, ಅರ್ಧ ನಂಬುತ್ತೀರಾ, ಇಲ್ಲವೇ ಇಲ್ಲವಾ ಎಂದು ಕೇಳಿದರು. ತೂಕ ಇಳಿದರೆ ನನಗೆ ಬೆಲೆ ಹೆಚ್ಚು. ಹಸಿವನ್ನು ಗೆದ್ದರೆ ನಾನು ಗಟ್ಟಿ. ನನಗೆ ಏನಾದರೂ ಬೇಕು ಅನ್ನಿಸುವುದೇ ತಪ್ಪು. ಬಸ್ಸಿನಲ್ಲಿ “ನಿಮ್ ಪರೀಕ್ಷೇಲಿ ಸರಿ ತಪ್ಪು ಗುರ್ತು ಹಾಕಿ ಅಂತಾರಲ್ಲ, ಹಂಗೇ ಐತೆ” ಎಂದು ನಕ್ಕ. ಆದರೆ ಕೋಣೆಯಲ್ಲಿ ನಕ್ಕಿರಲಿಲ್ಲ. ಮೂರನೆಯ ವಾಕ್ಯಕ್ಕೆ ಪೂರ್ತಿ ನಂಬುತ್ತೇನೆ ಎಂದು, ಕೇಳಿಸಿಯೂ ಕೇಳಿಸದ ಹಾಗೆ ಹೇಳಿದ್ದ. ಹೊಸ ಅಂಗಿ ಕೊಡಿಸುತ್ತೇನೆಂದರೆ ಬೇಡ, ಊಟಿಗೆ ಹೋಗೋಣವೆಂದರೆ ನೀವು ಹೋಗಿ ಬನ್ನಿ, ಚಳಿಗೆ ಇನ್ನೊಂದು ಕಂಬಳಿ ಕೊಡಲೇ ಎಂದರೆ ಇರಲಿ ಬಿಡಿ. ಎಷ್ಟು ವರ್ಷದಿಂದ ಅವನು ಏನನ್ನೂ ಬೇಕು ಎಂದಿರಲಿಲ್ಲ ಎಂದು ಆ ಬಸ್ಸಿನಲ್ಲಿ ಅವನ ಪಕ್ಕ ಕೂತು ಲೆಕ್ಕ ಹಾಕಿದೆ.

ಮೇಡಂ ಆತುರ ಮಾಡುವವರಲ್ಲ. ಹೋದಾಗಲೆಲ್ಲ ಅದೇ ಎಳೆ ಹಿಡಿದು ಇನ್ನೊಂದು ಗೇಣು ಕೆಳಗಿಳಿಯುತ್ತಿದ್ದರು.

“ತಿಂದ್ರೆ ಏನಾಗುತ್ತೆ?”

“ಭಾರ ಆಗ್ತೀನಿ.”

“ಭಾರ ಆದ್ರೆ?”

“ಟೀಮಿಗೆ ಆಗಲ್ಲ.” ಆಗಲೇ ಜೀಪಿನಲ್ಲಿ ನಡೆದದ್ದನ್ನು ಹೇಳಿದ್ದು.

“ಈಗ ಟೀಮಿಲ್ಲ. ತಕ್ಕಡಿ ಹತ್ತಿಸೋರಿಲ್ಲ. ಈಗ ಭಾರ ಆದ್ರೆ ಯಾರಿಗೆ ಭಾರ?”

ಅವನು ಕಿಟಕಿಯ ಕಡೆ ನೋಡಿದ. “ಎತ್ತೋರಿಗೆ” ಎಂದ.

ಅವನು ಕಿಟಕಿಯಿಂದ ಕಣ್ಣು ತೆಗೆಯದೆ ಹೇಳತೊಡಗಿದ.

“ಅಪ್ಪ ಮೆಣಸು ಕೀಳಕ್ಕೆ ಹತ್ತಿ ಏಣಿಯಿಂದ ಬಿದ್ಬುಟ್ರು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯ್ತು. ಅಣ್ಣ ತೋಟ ನೋಡ್ಬೇಕಿತ್ತು, ಅವ್ವಂಗೆ ಎತ್ತಾಕೆ ಶಕ್ತಿ ಸಾಲ್ದು. ದಿನಾ ಬೆಳಿಗ್ಗೆ ನಾನೇ ಎತ್ಕೊಂಡು ಬಚ್ಚಲಿಗೆ ಹೋಗ್ತಿದ್ದೆ. ಎತ್ತಿದಾಗೆಲ್ಲ ‘ಭಾರ ಆಗ್ಬುಟ್ಟೆ ಕಣ್ ಮಗ’ ಅನ್ನೋರು. ಒಂದಿನ ಬಚ್ಚಲಲ್ಲಿ ನನ್ ಕಾಲ್ ಜಾರ್ತು. ಇಬ್ರೂ ಬಿದ್ವು. ಆವತ್ತಿಂದ ಅಪ್ಪ ಊಟ ಕಮ್ಮಿ ಮಾಡುದ್ರು. ಅವ್ವ ಕೇಳಿದ್ರೆ ಹಸಿವಿಲ್ಲ ಅನ್ನೋರು. ನನ್ ಹತ್ರ ಮಾತ್ರ ‘ಕಮ್ಮಿ ತಿಂದ್ರೆ ನಿಂಗೆ ಎತ್ತಾಕೆ ಸಲೀಸು, ಅವ್ವಂಗೆ ಹೇಳ್ಬ್ಯಾಡ’ ಅಂದ್ರು. ನಾನ್ ಹೇಳ್ಲಿಲ್ಲ.”

ಸ್ವೆಟರಿನ ತೋಳನ್ನು ಕೆಳಕ್ಕೆ ಎಳೆದುಕೊಂಡ.

“ಬತ್ತಾ ಬತ್ತಾ ಹಗುರ ಆದ್ರು. ನಂಗೆ ಸಲೀಸಾಯ್ತಲ್ಲ ಅಂತ ಖುಷಿ ಆಗ್ತಿತ್ತು ಮೇಡಂ.”

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಮೇಡಂ ಕೇಳಿದರು.

“ನೀವಾಗ ಏನು ಓದ್ತಿದ್ರಿ?”

“ಪಿಯುಸಿ.”

“ಆ ಹುಡುಗ ಅಪ್ಪನ್ನ ನೋಡಿ ಏನು ಕಲ್ತ? ನಮ್ಮವರ ಮೇಲೆ ಪ್ರೀತಿ ಇದ್ರೆ ಏನು ಮಾಡ್ಬೇಕು ಅಂತ ಕಲ್ತ?”

“ಕಮ್ಮಿ ತಿನ್ಬೇಕು ಅಂತ” ಎಂದ. ಹೇಳಿದ ಮೇಲೆ ತಾನೇ ಆ ಮಾತನ್ನು ಮೊದಲ ಸಲ ಕೇಳಿಸಿಕೊಂಡವನ ಹಾಗೆ ನನ್ನ ಕಡೆ ತಿರುಗಿದ. ನಾನು ಅವನ ಕೈ ಹಿಡಿದುಕೊಂಡೆ. ಬೆಂಚಿನ ಮೇಲೆ ಕೂತ ಚಿಕ್ಕ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತ.

ಹೊರಡುವಾಗ ಮೇಡಂ ಅವನಿಗೊಂದು ಕೆಲಸ ಕೊಟ್ಟರು. ಇದು ನೀವು ಇಷ್ಟು ವರ್ಷ ನಂಬಿದ ಮಾತು, ನಿಜವೋ ಅಲ್ಲವೋ ಯಾವತ್ತೂ ಪರೀಕ್ಷೆ ಮಾಡಿಲ್ಲ, ಮನೆಗೆ ಹೋಗಿ ಅಮ್ಮನನ್ನೇ ಕೇಳಿ ಎಂದರು. ನನಗೆ ಹೇಳಿದ್ದು ಇಷ್ಟು. “ತಿನ್ನು ಅನ್ನಬೇಡಿ. ಏನನ್ನಿಸ್ತಿದೆ ಅಂತ ಕೇಳಿ. ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಳ್ಳಿ.”

ಆ ಸಂಜೆ ಅತ್ತೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು. ನಮ್ಮ ಯಜಮಾನರು ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಿದ್ದರು. ಮೈದುನ ಅಮ್ಮನ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ. ಅಪ್ಪ ಯಾಕೆ ಊಟ ಬಿಟ್ಟರು ಎನ್ನುವುದನ್ನೂ ಹೇಳಿದ. ಕಾವಲಿಯ ಮೇಲಿನ ರೊಟ್ಟಿ ಕರಕಾಯಿತು, ಅತ್ತೆ ತಿರುವಿ ಹಾಕಲಿಲ್ಲ.

“ಅವ್ವ, ಅಪ್ಪನ್ನ ನೋಡ್ಕಳಾಗ ನಿಂಗೆ ಭಾರ ಅನ್ಸಿತ್ತಾ?” ಎಂದು ಕೇಳಿದ.

ಅತ್ತೆ ಸುಳ್ಳು ಹೇಳಲಿಲ್ಲ. “ಭಾರ ಇತ್ತು ಕಣ್ ಮಗ. ಸೊಂಟ ಬಿದ್ದೋಗಂಗೆ ಇತ್ತು. ಆದ್ರೆ ಮಗ್ಗುಲಿಗೆ ಹೊರಳ್ಸುವಾಗ ಆ ಭಾರ ಕೈಗೆ ಸಿಕ್ಕುದ್ರೆ, ಮನುಷ್ಯ ಇನ್ನೂ ಅವ್ನೆ ಅಂತ ಧೈರ್ಯ ಆಗೋದು. ಹಗುರ ಆಗ್ತಾ ಬಂದಂಗೆ ನನ್ ಜೀವ ಹೋಗಾದು. ಹಸಿವಿಲ್ಲ ಅಂತಾರಲ್ಲ, ನನ್ ಕೈ ಅಡ್ಗೇನೇ ಸೇರ್ತಿಲ್ವೇನೋ ಅಂದ್ಕೊಂಡೆ ಕಣಪ್ಪ ನಾನು. ಯಾಕಪ್ಪ ನಂಗೆ ಹೇಳ್ಲಿಲ್ಲ ಅವ್ರು?”

ನಮ್ಮ ಯಜಮಾನರು ಲೋಟ ಕೆಳಗಿಟ್ಟು ಬಂದು ತಮ್ಮನ ಹಿಂದೆ ನಿಂತರು. ಅವನ ತಲೆಯ ಮೇಲೆ ಕೈ ಇಟ್ಟರು. ಅತ್ತೆ ಕರಕಾದ ರೊಟ್ಟಿಯನ್ನು ಆಚೆಗಿಟ್ಟು ಹೊಸದೊಂದನ್ನು ಬೇಯಿಸಿದರು. ತಟ್ಟೆಗೆ ಹಾಕಿ ಅವನ ಮುಂದಿಟ್ಟರು. ತಿನ್ನು ಎನ್ನಲಿಲ್ಲ. ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡರು. ಅವನು ಒಂದು ಚೂರು ಮುರಿದ. ನಾವು ಮೂವರೂ ಬೇರೆ ಬೇರೆ ಕಡೆ ನೋಡುತ್ತಾ ಕೂತೆವು. ರೊಟ್ಟಿ ಮುಗಿಯುವಷ್ಟರಲ್ಲಿ ಒಲೆಯ ಬೆಂಕಿ ಆರುತ್ತಾ ಬಂದಿತ್ತು. “ಅತ್ಗೆ, ಏನೂ ಆಗ್ಲಿಲ್ಲ” ಎಂದ, ಮೆಲ್ಲಗೆ, ತನಗೇ ನಂಬಿಕೆ ಬಾರದವನ ಹಾಗೆ.

ಆಮೇಲೆ ಎಲ್ಲವೂ ಸರಿಹೋಯಿತೆಂದಲ್ಲ. ಎಷ್ಟೋ ದಿನ ಮತ್ತೆ ತಟ್ಟೆ ದೂರ ಸರಿಸಿದ. ಒಮ್ಮೆ ಮತ್ತೆ ಸಾಹುಕಾರರ ಅಂಗಡಿಗೆ ಹೋಗಿ, ತಕ್ಕಡಿ ಹತ್ತದೆ ವಾಪಸು ಬಂದು ನನಗೆ ಹೇಳಿದ. ಹಾಸನದ ಬಸ್ಸು ಮಾತ್ರ ತಪ್ಪಿಸಲಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಹಾಗೆ ಒಂದು ಮಳೆಗಾಲ ಕಳೆಯಿತು. ಕೆನ್ನೆಗೆ ಸ್ವಲ್ಪ ಬಣ್ಣ ಬಂತು. ಒಂದು ದಿನ ಶಾಲೆಯಿಂದ ಬರುವಾಗ ಬಾಳ್ಳುಪೇಟೆಯಲ್ಲಿ ಬೈಕಿಗೆ ಒರಗಿಕೊಂಡು ಬಿಸಿ ಬಜ್ಜಿ ತಿನ್ನುತ್ತಾ ನನ್ನ ಬಸ್ಸಿಗೆ ಕಾಯುತ್ತಿದ್ದ. ನಡುರಸ್ತೆಯಲ್ಲಿ ನಾನು ಅತ್ತುಬಿಟ್ಟೆ. “ಅಳ್ಬ್ಯಾಡಿ ಅತ್ಗೆ, ನಿಮ್ಗೂ ಮಡಗಿವ್ನಿ” ಎಂದು ಪೊಟ್ಟಣ ಮುಂದೆ ಹಿಡಿದ. ನಮ್ಮ ಊರಿನ ಹುಡುಗರಿಗೆ ಆಟ ಕಲಿಸಲು ಶುರು ಮಾಡಿದ್ದ. ತೂಕದ ಮಿತಿ ಇರುವ ಪಂದ್ಯಕ್ಕೆ ಕಳಿಸುವುದಿಲ್ಲ ಎಂದು ಹಠ ಹಿಡಿದು ಹಿರಿಯರ ಹತ್ತಿರ ಬೈಸಿಕೊಂಡಿದ್ದ. ಅವನ ಮದುವೆಯ ಮಾತನ್ನೂ ಅತ್ತೆ ಎತ್ತಿದ್ದರು. ಅವನು ಬೇಡ ಎನ್ನಲಿಲ್ಲ. “ಅಡ್ಗೆ ಬರೋಳ್ನ ನೋಡವ್ವ” ಎಂದಿದ್ದ.

ಕಾಫಿ ಕುಯ್ಲಿನ ಕಾಲ ಬಂತು. ಆ ಬೆಳಿಗ್ಗೆ ಅತ್ತೆ ಕಡುಬು ಮಾಡಿದ್ದರು. ಅವನು ಕಾಯಿಚಟ್ನಿ ಹಚ್ಚಿಕೊಂಡು ತಿಂದು, ಇನ್ನೊಂದು ಹಾಕಿಸಿಕೊಂಡು, ಬೆರಳು ನೆಕ್ಕುತ್ತಾ ಕಣಕ್ಕೆ ಹೋದ. ಒಣಹಾಕಿದ ಕಾಫಿ ಹಣ್ಣನ್ನು ಕಾಲಲ್ಲಿ ಗೀರುತ್ತಾ “ಬಸ್ಸಿಗೆ ಹೊತ್ತಾಯ್ತು ಹೊರಡಿ ಟೀಚರಮ್ಮ” ಎಂದು ಕೂಗಿದ. ನಾನು ಕೈ ಬೀಸಿ ಹೊರಟೆ. ಎರಡನೆಯ ಪಾಠ ಮಾಡುತ್ತಿದ್ದಾಗ ಫೋನು ಬಂತು. ಕಣದಲ್ಲಿ ಬಿದ್ದಿದ್ದ. ಅವನಣ್ಣ ಎತ್ತಿಕೊಂಡು ಜೀಪಿಗೆ ಹಾಕಿ ಸಕಲೇಶಪುರಕ್ಕೆ ಓಡಿದ್ದರು. ನಾನು ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಮ್ಮ ಯಜಮಾನರು ಚಪ್ಪಲಿಯಿಲ್ಲದ ಕಾಲಲ್ಲಿ ಕೂತಿದ್ದರು. ನನ್ನನ್ನು ನೋಡಿ ಇಲ್ಲ ಎಂದು ತಲೆ ಆಡಿಸಿದರು, ಅಷ್ಟೆ.

ಎಷ್ಟೋ ವರ್ಷದಿಂದ ಸವೆದ ಹೃದಯ, ಈಗ ತಾನೇ ಚೇತರಿಸಿಕೊಳ್ಳುತ್ತಿತ್ತು, ಅದಕ್ಕೆ ಇನ್ನಷ್ಟು ಸಮಯ ಬೇಕಿತ್ತು ಎಂದರು ಡಾಕ್ಟರು. ಹಾಸನದ ಮೇಡಂಗೆ ನಾನೇ ಫೋನು ಮಾಡಿದೆ. “ಅವರು ಎಷ್ಟು ಕಷ್ಟಪಟ್ಟು...” ಎಂದು ಅತ್ತುಬಿಟ್ಟರು.

ಸಾವಿನ ಮನೆಗೆ ಬಂದವರಲ್ಲಿ ಯಾರೋ ಒಬ್ಬರು “ತಿನ್ನಕ್ಕೆ ಶುರು ಮಾಡ್ದ, ಒಗ್ಲಿಲ್ಲ ಮೈಗೆ” ಎಂದರು. ಅದು ಅತ್ತೆಯ ಕಿವಿಗೆ ಬಿತ್ತು.

ತಿಥಿಯ ದಿನ ಎಡೆಗೆ ಏನೇನು ಮಾಡಬೇಕು, ಹುಡುಗನಿಗೆ ಏನು ಇಷ್ಟವಿತ್ತು ಎಂದು ಅಡುಗೆಗೆ ನಿಂತ ಹಿರಿಯ ಹೆಂಗಸರು ಕೇಳಿದರು. ನಮ್ಮ ಯಜಮಾನರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅವನು ಬೇಡ ಎಂದದ್ದೆಲ್ಲ ನಮಗೆ ಬಾಯಿಪಾಠವಿತ್ತು. ಇಷ್ಟ ಏನೆಂದು ತಿಳಿಯುವಷ್ಟು ದಿನ ಅವನೂ ತಿಂದಿರಲಿಲ್ಲ, ನಾವೂ ಕಂಡಿರಲಿಲ್ಲ. ಅತ್ತೆ ಕೊನೆಗೆ “ಎಲ್ಲಾ ಮಾಡಿ” ಎಂದರು. ಕೋಳಿ ಸಾರು, ರೊಟ್ಟಿ, ಶಾವಿಗೆ, ಪಾಯಸ, ವಡೆ, ಕಾಳು ಪಲ್ಯ, ಎಲೆ ಸಾಲದಷ್ಟು ಮಾಡಿದೆವು. ಕಡುಬು ಮಾತ್ರ ಬೇಡ ಎಂದರು.

ನೆಂಟರೆಲ್ಲ ಉಂಡು ಹೋದ ಮೇಲೆ ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಮಗ ಹೋದಾಗಿನಿಂದ ಕಾಫಿ, ಗಂಜಿ ಬಿಟ್ಟರೆ ಅವರು ಏನನ್ನೂ ಮುಟ್ಟಿರಲಿಲ್ಲ. ಬಂದವರೆಲ್ಲ ತಿನ್ನವ್ವ, ಒಂದ್ ತುತ್ತು ತಿನ್ನವ್ವ ಎಂದು ಹೇಳಿ ಹೇಳಿ ಸೋತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ತಿನ್ನಿ ಎಂದು ಬಾಯಿತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಅವನ ಪಕ್ಕ ಕೂತು ಕೇಳಿಸಿಕೊಂಡದ್ದರಿಂದ ನನಗೆ ಅಷ್ಟಾದರೂ ತಿಳಿದಿತ್ತು. ಅವನ ಋಣಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅದೇ.

“ಏನನ್ನಿಸ್ತೈತೆ ಅತ್ತೆ?” ಎಂದು ಕೇಳಿದೆ.

ಅವರು ಕಲ್ಲಿನ ಅಂಚು ಸವರುತ್ತಾ ಹೇಳಿದರು. “ನಾನ್ ಹಾಕಿದ್ ಕಡುಬೇ ಕಣವ್ವ ಅವ್ನ್ ಎದೆ ಹಿಡಿದಿದ್ದು.”

ಡಾಕ್ಟರು ಹೇಳಿದ್ದನ್ನು ಮೊದಲಿನಿಂದ ಬಿಡಿಸಿ ಹೇಳಿದೆ. ಊಟ ಅವನ ಎದೆಯನ್ನು ಕೆಡಿಸಲಿಲ್ಲ, ಊಟ ಇಲ್ಲದ ವರ್ಷಗಳು ಕೆಡಿಸಿದವು ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

“ಅದೊಂದೇ ಅಲ್ಲ” ಎಂದರು. ಸೆರಗನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. “ಹೇಳಕ್ಕೆ ನಾಚ್ಕೆ ಆಗ್ತೈತೆ.”

“ಹೇಳಿ ಅತ್ತೆ.”

“ನಂಗೆ ಹಸಿವಾಗ್ತೈತೆ ಕಣವ್ವ. ಮಗನ್ನ ಮಣ್ಣು ಮಾಡಿ ಬಂದ ದಿವ್ಸಾನೂ ಹಸಿವಾಯ್ತು. ಅವ್ನು ಅಲ್ಲಿ ಮಲ್ಗವ್ನೆ, ನನ್ ಹೊಟ್ಟೆ ಅನ್ನ ಕೇಳ್ತೈತೆ. ಎಂಥ ಹೆಂಗ್ಸು ನಾನು?”

“ನಂಗೂ ಆಯ್ತು ಅತ್ತೆ” ಎಂದೆ. ಅದು ನಿಜವೇ ಆಗಿತ್ತು.

ಅತ್ತೆ ನನ್ನ ಮುಖವನ್ನೇ ನೋಡಿದರು. ನಾನು ಒಳಗೆ ಹೋಗಿ ಒಂದೇ ತಟ್ಟೆಯಲ್ಲಿ ಅನ್ನ, ಸಾರು ಕಲಸಿ ತಂದು ಇಬ್ಬರ ನಡುವೆ ಕಲ್ಲಿನ ಮೇಲಿಟ್ಟೆ. “ನೀನ್ ಮೊದ್ಲು” ಎಂದರು. ನಾನು ಒಂದು ತುತ್ತು ತಿಂದೆ. ಅವರೂ ಕೈ ಹಾಕಿದರು. ಅಳುತ್ತಲೇ ತಿಂದೆವು, ತಟ್ಟೆ ಖಾಲಿಯಾಗುವವರೆಗೆ.